ಇರುಳ ಬಾನಿನ ದೀಪ್ತಿ ಮತ್ತು ವಾಯುತರಂಗಗಳು

ಬಾದಾಮಿ ಮತ್ತು ಕಲಾದಗಿಗಳ ಸುತ್ತಿನ ಮರಳುಗಲ್ಲಿನ ಹಾಸುಗಳ ಮೇಲೆ ಅಲ್ಲಲ್ಲಿ ಒಂದು ವಿಚಿತ್ರವಾದ ಗುರುತು ಕಾಣಸಿಗುತ್ತದೆ. ಯಾರೋ ಬೆರಳುಗಳಿಂದ ಸಾಲಾಗಿ ಗೀರಿದಂತೆ ಒಂದು ಏರು, ಒಂದು ತಗ್ಗು; ಮತ್ತೆ ಏರು, ಮತ್ತೆ ತಗ್ಗು. ಭೂವಿಜ್ಞಾನಿಗಳು ಇದನ್ನು ಅಲೆಗುರುತು ಎನ್ನುತ್ತಾರೆ. 1876ರಲ್ಲಿ ಈ ಪ್ರದೇಶದ ಶಿಲಾಸ್ತರಗಳ ವಿವರವನ್ನು ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸನು ಕಲಾದಗಿಯ ಹೆಸರನ್ನು ಭೂವಿಜ್ಞಾನದ ಗ್ರಂಥಗಳಲ್ಲಿ ನೆಲೆಗೊಳಿಸಿದನು. ಆ ಕಲ್ಲು ಇನ್ನೂ ಸಡಿಲ ಮರಳಾಗಿದ್ದ ಕಾಲದಲ್ಲಿ ಅದರ ಮೇಲೆ ಆಳವಿಲ್ಲದ ನೀರು ಆಡುತ್ತಿತ್ತು. ನೀರು ಹೋಯಿತು, ಅದರ ನಡಿಗೆಯ ಮುದ್ರೆ ಉಳಿಯಿತು.

ಇದೇ ಬಗೆಯ ಗೆರೆಗಳು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ನೆತ್ತಿಯ ಮೇಲೆ, ನೆಲದಿಂದ 85 ರಿಂದ 100 ಕಿಲೋಮೀಟರ್ ಎತ್ತರದಲ್ಲಿ, ರಾತ್ರಿಯ ಹೊತ್ತು ಮೂಡಿ ಅಳಿಯುತ್ತಿರುತ್ತವೆ ಎಂದರೆ ನಂಬುವುದು ಕಷ್ಟ. ಕಲ್ಲಿನ ಮೇಲಿನ ಅಲೆಗಳ ನಡುವಣ ಅಂತರ ಅಂಗುಲಗಳಲ್ಲಿ. ಬಾನಿನ ಅಲೆಗಳ ಅಂತರ ಹತ್ತಾರು ಕಿಲೋಮೀಟರುಗಳಲ್ಲಿ. ಅವು ಕೋಟಿಗಟ್ಟಲೆ ವರ್ಷ ಉಳಿದವು. ಇವು ಕೆಲವು ನಿಮಿಷಗಳಲ್ಲಿ, ಹೆಚ್ಚೆಂದರೆ ಕೆಲವು ತಾಸುಗಳಲ್ಲಿ ಮಾಯವಾಗುತ್ತವೆ. ಅವುಗಳನ್ನು ಓದಲು ಹಗಲ ಬೆಳಕು ಬೇಕು; ಇವುಗಳನ್ನು ಓದಲು ಚಂದ್ರನೂ ಇಲ್ಲದ ಕತ್ತಲೆ ಬೇಕು.

ಅಮಾವಾಸ್ಯೆಯ ರಾತ್ರಿ, ಊರಿನಿಂದ ದೂರದ ಹೊಲದಲ್ಲಿ ನಿಂತವನಿಗೆ ತನ್ನ ಚಾಚಿದ ಕೈ ಆಕಾಶಕ್ಕೆದುರಾಗಿ ಕಪ್ಪಾಗಿ ಕಾಣುತ್ತದೆ. ಅಂದರೆ ಆಕಾಶವು ಕೈಗಿಂತ ಬೆಳ್ಳಗಿದೆ ಎಂದಾಯಿತು. ಈ ಬೆಳಕೆಲ್ಲವೂ ನಕ್ಷತ್ರಗಳದೇ ಎಂದು ಬಹುಕಾಲ ತಿಳಿಯಲಾಗಿತ್ತು. 1868ರಲ್ಲಿ ಸ್ವೀಡನ್ನಿನ ಆಂಗ್‌ಸ್ಟ್ರಾಂ ಎಂಬ ವಿಜ್ಞಾನಿ ಧ್ರುವಪ್ರಭೆಯಲ್ಲಿ ಕಾಣುವ ಹಸುರು ಗೆರೆಯೇ ಧ್ರುವಪ್ರಭೆಯಿಲ್ಲದ ಆಕಾಶದ ಎಲ್ಲ ಭಾಗಗಳಲ್ಲಿಯೂ ಇರುವುದನ್ನು ವರ್ಣಪಟಲದಲ್ಲಿ ಗುರುತಿಸಿದನು. ಆ ಗೆರೆ ಯಾವ ಧಾತುವಿನದೆಂಬುದು ಗೊತ್ತಾಗಲು ಅರ್ಧಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅದು ಒಂಟಿ ಆಮ್ಲಜನಕ ಪರಮಾಣುವಿನದೆಂದು 1925ರಲ್ಲಿ ಮೆಕ್‌ಲೆನನ್ ಮತ್ತು ಶ್ರಮ್ ಎಂಬವರು ಕೆನಡಾದ ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟರು. ಹೀಗೆ ವಾಯುಮಂಡಲವೇ ತನ್ನಷ್ಟಕ್ಕೆ ಸೂಸುವ ಈ ಮಂದ ಬೆಳಕಿಗೆ ನಿಶಾದೀಪ್ತಿ ಎನ್ನಬಹುದು.

ಶರಣರ ಪರಿಭಾಷೆಯಲ್ಲಿ ಬಯಲು ಎಂಬುದು ಬರಿದೆಂಬ ಅರ್ಥದ ಮಾತಲ್ಲವೆಂಬುದನ್ನು ಈ ಭಾಗದ ವಿದ್ಯಾರ್ಥಿಗಳಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಆ ಬಯಲಿಗೂ ಭೌತವಿಜ್ಞಾನದ ಈ ಬಯಲಿಗೂ ಗಂಟು ಹಾಕುವುದು ಎರಡಕ್ಕೂ ನ್ಯಾಯವಲ್ಲ. ಇಲ್ಲಿ ಹೇಳುತ್ತಿರುವುದು ಅಳತೆಗೆ ಸಿಗುವ, ಲೆಕ್ಕಕ್ಕೆ ಒದಗುವ ಬೆಳಕಿನ ಮಾತು.

ಈ ಬೆಳಕಿನ ಮೂಲ ಹಗಲಿನಲ್ಲಿದೆ. ಸೂರ್ಯನ ಅತಿನೇರಳೆ ಕಿರಣಗಳು ಸುಮಾರು 100 ಕಿಲೋಮೀಟರ್ ಹಾಗೂ ಅದಕ್ಕೂ ಮೇಲಿನ ಎತ್ತರದಲ್ಲಿ ಆಮ್ಲಜನಕದ ಅಣುಗಳನ್ನು ಒಡೆದು ಒಂಟಿ ಪರಮಾಣುಗಳನ್ನಾಗಿ ಮಾಡುತ್ತವೆ. ಅಲ್ಲಿ ಗಾಳಿ ಅತಿ ವಿರಳ. ಒಡೆದ ಪರಮಾಣುಗಳು ಮತ್ತೆ ಜೊತೆಗೂಡಲು ಅವಕಾಶ ಸಿಗುವುದು ನಿಧಾನವಾಗಿ. ಹಗಲಿನಲ್ಲಿ ಕೂಡಿಟ್ಟ ಆ ಶಕ್ತಿಯನ್ನು ಅವು ರಾತ್ರಿಯುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ವೆಚ್ಚ ಮಾಡುತ್ತವೆ. ಎರಡು ಪರಮಾಣುಗಳು ಕೂಡಿ ಅಣುವಾಗುವಾಗ ಬಿಡುಗಡೆಯಾದ ಶಕ್ತಿಯನ್ನು ಮೂರನೆಯ ಪರಮಾಣುವೊಂದು ಪಡೆದು, ಒಂದು ಸೆಕೆಂಡು ತುಂಬುವುದರೊಳಗೆ ಅದನ್ನು 557.7 ನ್ಯಾನೋಮೀಟರ್ ಅಲೆಯುದ್ದದ ಹಸುರು ಬೆಳಕಾಗಿ ಹೊರಬಿಡುತ್ತದೆ. ಈ ಹಸುರು ಪದರವು ಸುಮಾರು 97 ಕಿಲೋಮೀಟರ್ ಎತ್ತರದಲ್ಲಿದೆ. ಅದಕ್ಕಿಂತ ಕೆಳಗೆ, 87 ಕಿಲೋಮೀಟರ್ ಎತ್ತರದಲ್ಲಿ, ಜಲಜನಕ ಪರಮಾಣು ಓಜೋನಿನೊಡನೆ ಸೇರಿ ಹೈಡ್ರಾಕ್ಸಿಲ್ ಎಂಬ ಅಣು ಹುಟ್ಟುತ್ತದೆ. ಅದರ ದೀಪ್ತಿ ಹಸುರು ಗೆರೆಗಿಂತ ಸಾವಿರಾರು ಪಟ್ಟು ಪ್ರಬಲವಾದರೂ ಬಹುಪಾಲು ಅವಕೆಂಪು ಭಾಗದಲ್ಲಿರುವುದರಿಂದ ಮನುಷ್ಯನ ಕಣ್ಣಿಗೆ ಅದರ ಪ್ರಯೋಜನವಿಲ್ಲ. ಇವೆರಡರ ನಡುವೆ ಸೋಡಿಯಮ್ಮಿನ ಹಳದಿ ಪದರವೊಂದುಂಟು.

ಇನ್ನೊಂದು ಪದರ ಬಹಳ ಮೇಲೆ, ಸುಮಾರು 250 ಕಿಲೋಮೀಟರ್ ಎತ್ತರದಲ್ಲಿದೆ. ಅದೂ ಆಮ್ಲಜನಕದ್ದೇ. ಆದರೆ ಬಣ್ಣ ಕೆಂಪು, ಅಲೆಯುದ್ದ 630 ನ್ಯಾನೋಮೀಟರ್. ಒಂದೇ ಪರಮಾಣು ಕೆಳಗೆ ಹಸುರಾಗಿ, ಮೇಲೆ ಕೆಂಪಾಗಿ ಬೆಳಗಲು ಕಾರಣವೇನು? ಕೆಂಪು ಬೆಳಕನ್ನು ಬಿಡಬೇಕಾದ ಪರಮಾಣು ಅದಕ್ಕಾಗಿ ಸುಮಾರು ಎರಡು ನಿಮಿಷ ಕಾಯಬೇಕಾಗುತ್ತದೆ. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟು ಹೊತ್ತು ಅದನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ನೆರೆಯ ಅಣುಗಳು ಡಿಕ್ಕಿ ಹೊಡೆದು ಅದರ ಶಕ್ತಿಯನ್ನು ಕಸಿದುಕೊಳ್ಳುತ್ತವೆ. ಬಹಳ ಎತ್ತರದ ಏಕಾಂತದಲ್ಲಿ ಮಾತ್ರ ಅದು ಬೆಳಗಬಲ್ಲದು. ಹೀಗಾಗಿ ಬಣ್ಣವನ್ನು ನೋಡಿ ಎತ್ತರವನ್ನು ಹೇಳಲು ಬರುತ್ತದೆ.

ಇನ್ನು ಅಲೆಗಳ ವಿಚಾರ. ಗಾಳಿಯ ಒಂದು ತುಂಡನ್ನು ಯಾವುದೋ ಬಲವು ಮೇಲಕ್ಕೆ ನೂಕಿತೆಂದು ಭಾವಿಸಬೇಕು. ಮೇಲೇರಿದ ಗಾಳಿ ಹಿಗ್ಗಿ ತಣ್ಣಗಾಗುತ್ತದೆ, ಸುತ್ತಲಿನ ಗಾಳಿಗಿಂತ ಭಾರವಾಗುತ್ತದೆ. ಭೂಮಿಯ ಗುರುತ್ವವು ಅದನ್ನು ಕೆಳಕ್ಕೆ ಸೆಳೆಯುತ್ತದೆ. ಅದು ತನ್ನ ಮೊದಲಿನ ತಾಣವನ್ನು ದಾಟಿ ಇನ್ನೂ ಕೆಳಗಿಳಿದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿ, ಹಗುರಾಗಿ ಮತ್ತೆ ಏಳುತ್ತದೆ. ನಾಗರಪಂಚಮಿಯ ಜೋಕಾಲಿಯಂತೆ ಈ ತೂಗಾಟ ನಡೆಯುತ್ತದೆ. ನಿಶಾದೀಪ್ತಿಯ ಎತ್ತರದಲ್ಲಿ ಒಂದು ತೂಗಿಗೆ ಹಿಡಿಯುವ ಕನಿಷ್ಠ ಕಾಲ ಸುಮಾರು 5 ನಿಮಿಷ. ಈ ತೂಗಾಟವು ಸುತ್ತಲೂ ಹಬ್ಬಿದಾಗ ಅದು ವಾಯುಮಂಡಲದ ಗುರುತ್ವ ತರಂಗವೆನಿಸುತ್ತದೆ. ಐನ್‌ಸ್ಟೈನರ ಸಿದ್ಧಾಂತದಿಂದ ಊಹಿತವಾಗಿ 2015ರಲ್ಲಿ ಪತ್ತೆಯಾದ ಗುರುತ್ವಾಕರ್ಷಣ ತರಂಗಗಳಿಗೂ ಇವಕ್ಕೂ ಸಂಬಂಧವಿಲ್ಲ. ಹೆಸರಿನ ಹೋಲಿಕೆಯಿಂದ ವಿದ್ಯಾವಂತರೂ ಮೋಸಹೋಗುವುದುಂಟು.

ಗಾಳಿಯನ್ನು ಮೊದಲು ನೂಕುವವರಾರು? ಬೆಟ್ಟದ ಸಾಲಿಗೆ ಅಡ್ಡಬೀಸುವ ಗಾಳಿ ಒಂದು ಕಾರಣ, ಸಿಡಿಲಿನ ಮೋಡ ಇನ್ನೊಂದು. ಭರಣಿ, ಕೃತ್ತಿಕಾ, ರೋಹಿಣಿ ಮಳೆಗಳ ದಿನಗಳಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲವರೆಗೆ, ಮಧ್ಯಾಹ್ನದ ಧಗೆಯ ಬೆನ್ನಿಗೆ ಎದ್ದುನಿಲ್ಲುವ ಕಾರ್ಮೋಡದ ತಲೆಯು 15 ಕಿಲೋಮೀಟರಿನಷ್ಟು ಎತ್ತರಕ್ಕೆ ಚಾಚಬಲ್ಲದು. ಅದು ಮೇಲಿನ ಶಾಂತವಾದ ಸಮೋಷ್ಣ ಮಂಡಲವನ್ನು ಕೆಳಗಿನಿಂದ ಗುದ್ದುತ್ತದೆ. ಕೆರೆಯಲ್ಲಿ ಕಲ್ಲು ಬಿದ್ದಾಗ ಉಂಗುರಗಳು ಎದ್ದಂತೆ ಅಲ್ಲಿಂದ ಅಲೆಗಳು ಹೊರಡುತ್ತವೆ. ಕೆರೆಯ ಉಂಗುರ ದಂಡೆಯತ್ತ ಹೋಗುತ್ತ ಕ್ಷೀಣಿಸುತ್ತದೆ; ಮೇಲಕ್ಕೇರುವ ವಾಯುತರಂಗವಾದರೋ ಹಿಗ್ಗುತ್ತ ಹೋಗುತ್ತದೆ. ನೆಲಮಟ್ಟದ ಗಾಳಿಗಿಂತ 86 ಕಿಲೋಮೀಟರ್ ಎತ್ತರದ ಗಾಳಿ ಸುಮಾರು 1,76,000 ಪಟ್ಟು ವಿರಳವಾದದ್ದು. ಅಲೆಯ ಶಕ್ತಿ ದಾರಿಯಲ್ಲಿ ಸೋರಿಹೋಗದಿದ್ದರೆ, ಅದರ ತೂಗಾಟವು ಈ ಸಂಖ್ಯೆಯ ವರ್ಗಮೂಲದಷ್ಟು, ಅಂದರೆ ಸುಮಾರು 420 ಪಟ್ಟು ದೊಡ್ಡದಾಗಬೇಕು. ನೆಲದ ಬಳಿ ಯಾರ ಗಮನಕ್ಕೂ ಬಾರದ ಕಂಪನ ಅಲ್ಲಿ ಬಿರುಗಾಳಿಯಾಗುವುದು ಹೀಗೆ. ಈ ವಿಚಾರಕ್ಕೆ 1960ರಲ್ಲಿ ಗಣಿತದ ತಳಹದಿ ಹಾಕಿದವರು ಕಾಲಿನ್ ಹೈನ್ಸ್.

ಹಾಗೆ ಹಿಗ್ಗಿದ ಅಲೆ ಕೊನೆಗೆ ದಂಡೆ ಮುಟ್ಟಿದ ಕಡಲಲೆಯಂತೆ ಮುರಿದು ಬೀಳುತ್ತದೆ. ಮುರಿಯುವಾಗ ತಾನು ಹೊತ್ತು ತಂದ ಚಲನೆಯನ್ನು ಅಲ್ಲಿನ ಗಾಳಿಗೆ ಒಪ್ಪಿಸುತ್ತದೆ. ಇದರ ಪರಿಣಾಮ ಸಾಮಾನ್ಯವಾದುದಲ್ಲ. ಸೂರ್ಯ ಮುಳುಗದ ಬೇಸಗೆಯಲ್ಲಿ ಧ್ರುವಪ್ರದೇಶದ 85–90 ಕಿಲೋಮೀಟರ್ ಎತ್ತರವು ಬೆಚ್ಚಗಿರಬೇಕಲ್ಲವೇ? ಆದರೆ ಭೂವಾಯುಮಂಡಲದ ಅತ್ಯಂತ ತಣ್ಣನೆಯ ತಾಣವೇ ಅದು. ಅಲ್ಲಿನ ತಾಪ ಶೂನ್ಯಕ್ಕಿಂತ 130 ಸೆಲ್ಸಿಯಸ್ ಡಿಗ್ರಿಗೂ ಕೆಳಗಿಳಿಯುತ್ತದೆ. ಕೆಳಗಿನಿಂದ ಬಂದ ಅಲೆಗಳು ಮುರಿದು ನಡೆಸುವ ಗಾಳಿಯ ಮಹಾಸಂಚಾರವೇ ಇದಕ್ಕೆ ಕಾರಣ. ಇಳಕಲ್ ಸೀರೆಯ ನೇಕಾರನು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಕೂಡಿಸುವಂತೆ, ಮಳೆ ಬೀಳುವ ಕೆಳಮಂಡಲವನ್ನೂ ಉಪಗ್ರಹಗಳ ಸೀಮೆಯನ್ನೂ ಈ ಅಲೆಗಳು ಕೂಡಿಸಿವೆ.

ಅಲೆಯನ್ನು ನಿಶಾದೀಪ್ತಿ ತೋರಿಸುವ ಬಗೆ ಸರಳವಾಗಿದೆ. ಅಲೆ ಹಾದುಹೋದಾಗ ದೀಪ್ತಿಯ ಪದರ ಏರಿಳಿಯುತ್ತದೆ. ಅದರ ಸಾಂದ್ರತೆ, ತಾಪಗಳು ಬದಲಾಗುತ್ತವೆ. ಪರಮಾಣುಗಳು ಕೂಡುವ ವೇಗವೂ ಬದಲಾಗುತ್ತದೆ. ಆಗ ಒಂದೆಡೆ ಬೆಳಕು ತುಸು ಹೆಚ್ಚುತ್ತದೆ, ಪಕ್ಕದಲ್ಲಿ ತುಸು ಕುಗ್ಗುತ್ತದೆ. ಈ ವ್ಯತ್ಯಾಸ ಹಲವು ಬಾರಿ ನೂರಕ್ಕೆ ಕೆಲವೇ ಪಾಲಿನಷ್ಟಿರುವುದರಿಂದ ಬರಿಗಣ್ಣಿಗೆ ಸುಲಭವಾಗಿ ಕಾಣದು. ಅವಕೆಂಪು ಫಿಲ್ಮಿನ ಮೇಲೆ ಇಂತಹ ಪಟ್ಟೆಗಳನ್ನು ಸೆರೆಹಿಡಿದ ಚಿತ್ರಗಳನ್ನು ಪೀಟರ್ಸನ್ ಮತ್ತು ಕೀಫೇಬರ್ 1973ರಲ್ಲಿ ಪ್ರಕಟಿಸಿದರು. ಮುಂದೆ ಫಿಲ್ಮಿನ ಸ್ಥಾನವನ್ನು ಸಿ.ಸಿ.ಡಿ. ಎಂಬ ವಿದ್ಯುನ್ಮಾನ ಫಲಕವು ಆಕ್ರಮಿಸಿತು. ಮೀನಿನ ಕಣ್ಣಿನಂತೆ ಉಬ್ಬಿದ ಮಸೂರ, ಬೇಕಾದ ಬಣ್ಣವನ್ನಷ್ಟೇ ಒಳಬಿಡುವ ಫಿಲ್ಟರು, ತಂಪುಮಾಡಿದ ಫಲಕ – ಇಷ್ಟಿದ್ದರೆ ಇಡೀ ಆಕಾಶವು ಒಂದು ವೃತ್ತದೊಳಗೆ ಮೂಡುತ್ತದೆ. ಒಂದೆರಡು ನಿಮಿಷಗಳ ಒಂದೊಂದು ಚಿತ್ರದಂತೆ ರಾತ್ರಿಯಿಡೀ ತೆಗೆದು, ನಕ್ಷತ್ರಗಳನ್ನು ಅಳಿಸಿ, ವೃತ್ತವನ್ನು ಚಪ್ಪಟೆ ನಕ್ಷೆಯಾಗಿ ಬಿಡಿಸಿದಾಗ ಅಲೆಗಳ ಸಾಲು ಎದ್ದು ಕಾಣುತ್ತದೆ. ಎರಡು ಶಿಖರಗಳ ನಡುವೆ 30 ಕಿಲೋಮೀಟರ್ ಅಂತರವಿದ್ದು, ಒಂದೇ ತಾಣವನ್ನು ಶಿಖರಗಳು 10 ನಿಮಿಷಕ್ಕೊಂದರಂತೆ ದಾಟಿದರೆ ಅಲೆಯ ವೇಗ ಸೆಕೆಂಡಿಗೆ 50 ಮೀಟರ್, ಅಂದರೆ ತಾಸಿಗೆ 180 ಕಿಲೋಮೀಟರ್ ಎಂದಾಯಿತು. ಕೆಲವೊಮ್ಮೆ ಎರಡು ದಿಕ್ಕಿನ ಅಲೆಸಾಲುಗಳು ಒಂದನ್ನೊಂದು ಅಡ್ಡಹಾಯುವುದೂ ಉಂಟು. ಕೂಡಲಸಂಗಮದಲ್ಲಿ ಕೃಷ್ಣೆ ಮಲಪ್ರಭೆಗಳು ಬೆರೆತಮೇಲೆ ಯಾವುದು ಯಾವ ನೀರೆಂದು ಹೇಳಲಾಗದು; ಈ ಅಲೆಗಳಾದರೆ ಒಂದರೊಳಗೊಂದು ಹೊಕ್ಕು ಹೊರಬಂದು ತಮ್ಮ ತಮ್ಮ ದಾರಿ ಹಿಡಿಯುತ್ತವೆ.

ಇಂತಹ ವೀಕ್ಷಣೆ ಈ ಜಿಲ್ಲೆಗೆ ತೀರ ದೂರದ ಮಾತಲ್ಲ. ಬೆಳಗಾವಿಯ ಗಡಿಯಾಚೆಗೆ, ಕೊಲ್ಲಾಪುರದ ಬಳಿಯ ಪನ್ಹಾಳಗಡದಲ್ಲಿ ಭಾರತೀಯ ಭೂಕಾಂತತ್ವ ಸಂಸ್ಥೆಯ ವಿಜ್ಞಾನಿಗಳು ಹಸುರು ಮತ್ತು ಹೈಡ್ರಾಕ್ಸಿಲ್ ದೀಪ್ತಿಗಳ ಚಿತ್ರಗಳನ್ನು ತೆಗೆದು, ಅವುಗಳಲ್ಲಿ ಕಂಡ ಅಲ್ಪಾವಧಿಯ ಗುರುತ್ವ ತರಂಗಗಳ ಅಧ್ಯಯನವನ್ನು 2003ರಲ್ಲಿ ಪ್ರಕಟಿಸಿದರು. ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಆವರಣದಲ್ಲಿಯೂ ಇಂತಹ ಕ್ಯಾಮೆರಾದಿಂದ ವೀಕ್ಷಣೆಗಳು ನಡೆದಿವೆ. ಆ ಎತ್ತರದ ಗಾಳಿಯ ವೇಗವನ್ನು ಅಳೆಯುವ ರೇಡಾರನ್ನೂ ಅಲ್ಲಿ ಸ್ಥಾಪಿಸಲಾಯಿತು. ಚಿತ್ರವು ಅಲೆಯನ್ನು ತೋರಿಸುತ್ತದೆ, ರೇಡಾರು ಅಲೆಯನ್ನು ಹೊತ್ತ ಗಾಳಿಯನ್ನು ಹೇಳುತ್ತದೆ; ಎರಡೂ ಇದ್ದರೆ ಮಾತ್ರ ಅಲೆಯ ನಿಜವಾದ ವೇಗ ತಿಳಿಯುತ್ತದೆ.

ಕೊಲ್ಲಾಪುರದ ಕ್ಯಾಮೆರಾಕ್ಕೆ ಬಾಗಲಕೋಟೆಯ ನೆತ್ತಿಯ ಆಕಾಶ ಕಾಣುವುದೇ? ಪ್ರೌಢಶಾಲೆಯ ತ್ರಿಕೋನಮಿತಿಯೇ ಇದಕ್ಕೆ ಉತ್ತರ ಹೇಳಬಲ್ಲದು. ನೇರ ಗೆರೆಯಲ್ಲಿ ಕೊಲ್ಲಾಪುರದಿಂದ ಬಾಗಲಕೋಟೆಗೆ ಸುಮಾರು 165 ಕಿಲೋಮೀಟರ್, ಬಾದಾಮಿಗೆ 175, ಹುನಗುಂದಕ್ಕೆ 205, ಇಳಕಲ್ಲಿಗೆ 215. ಹಸುರು ಪದರದ ಎತ್ತರ 97. ಎತ್ತರವನ್ನು ದೂರದಿಂದ ಭಾಗಿಸಿ, ಭೂಮಿಯ ಬಾಗುವಿಕೆಗಾಗಿ ಎರಡು ಮೂರು ಕಿಲೋಮೀಟರ್ ಕಳೆದರೆ, ಬಾಗಲಕೋಟೆಯ ನೆತ್ತಿಯ ಹಸುರು ಪದರವು ಕೊಲ್ಲಾಪುರದ ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ ಕಾಣಬೇಕು. ಬಾದಾಮಿಯದು 28, ಇಳಕಲ್ಲಿನದು 23. ಕಾಣುತ್ತದೆ ನಿಜ, ಆದರೆ ಚಿತ್ರದ ಅಂಚಿನಲ್ಲಿ. ಅಂಚಿನ ಭಾಗ ಕುಗ್ಗಿರುತ್ತದೆ, ಧೂಳು ಮಂಜುಗಳಿಂದ ಮಸುಕಾಗಿರುತ್ತದೆ. ಎಷ್ಟೋ ವೇಳೆ ಸಂಶೋಧಕರು ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಕೆಂಪು ಪದರದ ಮಾತು ಬೇರೆ. 250 ಕಿಲೋಮೀಟರ್ ಎತ್ತರದಿಂದಾಗಿ ಇಳಕಲ್ಲಿನ ನೆತ್ತಿಯೂ ಅಲ್ಲಿಗೆ 49 ಡಿಗ್ರಿ ಮೇಲೆ, ಸ್ಪಷ್ಟವಾದ ಜಾಗದಲ್ಲಿ ಬೀಳುತ್ತದೆ. ಆ ಪದರದಲ್ಲಿ ಸೂರ್ಯಾಸ್ತದ ನಂತರ ಕೆಲವೊಮ್ಮೆ ಉತ್ತರ–ದಕ್ಷಿಣವಾಗಿ ಚಾಚಿದ ಕಪ್ಪು ಪಟ್ಟೆಗಳು ಮೂಡಿ ಪೂರ್ವಕ್ಕೆ ಸರಿಯುತ್ತವೆ. ಅಲ್ಲಿ ವಿದ್ಯುತ್ಕಣಗಳು ಬರಿದಾಗಿವೆ ಎಂದರ್ಥ. ದಾರಿ ತೋರಿಸುವ ಉಪಗ್ರಹಗಳ ರೇಡಿಯೋ ಸಂಕೇತಗಳು ಇವುಗಳ ಮೂಲಕ ಬರುವಾಗ ತಡವರಿಸುತ್ತವೆ. ಕೆಳಗಿನಿಂದ ಏರಿದ ಗುರುತ್ವ ತರಂಗಗಳು ಇವುಗಳ ಹುಟ್ಟಿಗೆ ಬೀಜವಾಗಬಹುದೆಂಬ ವಿಚಾರವನ್ನು ವಿಜ್ಞಾನಿಗಳು ಬಹುಕಾಲದಿಂದ ಪರಿಶೀಲಿಸುತ್ತಿದ್ದಾರೆ.

ವೀಕ್ಷಕನಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಅಲೆಗಳನ್ನು ಎಬ್ಬಿಸುವ ಸಿಡಿಲಿನ ಮೋಡವೇ ಕ್ಯಾಮೆರಾದ ಕಣ್ಣನ್ನೂ ಮುಚ್ಚುತ್ತದೆ. ಮಳೆಗಾಲದಲ್ಲಿ ವೀಕ್ಷಣೆ ಬಹುಮಟ್ಟಿಗೆ ನಿಂತೇಹೋಗುತ್ತದೆ. ಹಾಗಾದರೆ ಮೋಡದ ಅಲೆಯನ್ನು ನೋಡುವುದೆಂತು? ದೂರದಿಂದ ನೋಡಬೇಕು, ಅಷ್ಟೆ. ಗುರುತ್ವ ತರಂಗ ನೆಟ್ಟಗೆ ಮೇಲೇರುವುದಿಲ್ಲ, ಓರೆಯಾಗಿ ಏರುತ್ತದೆ. 5 ನಿಮಿಷ ಸಹಜ ತೂಗಿನ ಗಾಳಿಯಲ್ಲಿ 10 ನಿಮಿಷದ ಅಲೆಯು ಲಂಬದಿಂದ 60 ಡಿಗ್ರಿ ಓರೆಯಾಗಿ ಸಾಗುತ್ತದೆ. ಬಾಗಲಕೋಟೆಯ ಮೇಲಿನ ಮೋಡದ ತಲೆಯಿಂದ, ಅಂದರೆ 15 ಕಿಲೋಮೀಟರಿನಿಂದ, ಹಸುರು ಪದರದವರೆಗಿನ 82 ಕಿಲೋಮೀಟರನ್ನು ಏರುವಷ್ಟರಲ್ಲಿ ಅದು ಪಕ್ಕಕ್ಕೆ ಸುಮಾರು 140 ಕಿಲೋಮೀಟರ್ ಸರಿದಿರುತ್ತದೆ. 30 ಕಿಲೋಮೀಟರ್ ಅಂತರದ ಅಲೆಗೆ ಈ ಪಯಣ ಒಂದು ತಾಸಿನಷ್ಟು. ಪಶ್ಚಿಮಕ್ಕೆ ಸಾಗಿದ ಭಾಗವು ಹೆಚ್ಚುಕಡಿಮೆ ಕೊಲ್ಲಾಪುರದ ನೆತ್ತಿಯ ಹತ್ತಿರ ಬೆಳಕಿನ ಪದರವನ್ನು ಮುಟ್ಟುತ್ತದೆ! ಕೊಲ್ಲಾಪುರದಲ್ಲಿ ಆ ಹೊತ್ತು ಬಾನು ತಿಳಿಯಾಗಿದ್ದರೆ, ಬಾಗಲಕೋಟೆಯ ಮೋಡದ ಗುದ್ದು ಅಲ್ಲಿನ ಚಿತ್ರದ ನಟ್ಟನಡುವೆ ಕಾಣಿಸಿಕೊಳ್ಳಬಹುದು. ಇದು ಗಾಳಿಯೇ ಇಲ್ಲವೆಂದು ಹಿಡಿದು ಮಾಡಿದ ಸರಳ ಲೆಕ್ಕ. ನಡುವಣ ಗಾಳಿ ಕೆಲವು ಅಲೆಗಳನ್ನು ಬಾಗಿಸುತ್ತದೆ. ತನ್ನ ದಿಕ್ಕಿನಲ್ಲಿ ತನ್ನದೇ ವೇಗದಿಂದ ಬರುವ ಅಲೆಯನ್ನು ನುಂಗಿಯೇ ಬಿಡುತ್ತದೆ. ಆದಕಾರಣ ಒಂದು ಚಿತ್ರದಲ್ಲಿ ಪೂರ್ವದಿಂದ ಬಂದ ಅಲೆ ಕಂಡೊಡನೆ ಇದು ಇಂಥ ಊರಿನ ಮೋಡದ್ದೆಂದು ತೀರ್ಪು ಕೊಡುವುದು ಆತುರವಾದೀತು. ಮೋಡದ ಸುತ್ತ ಪೂರ್ಣ ಉಂಗುರಗಳು ಕಂಡಾಗ ಸಂದೇಹ ಕಡಿಮೆ. 2011ರಲ್ಲಿ ಹಾರಿಸಿದ ಸುಓಮಿ ಎಂಬ ಅಮೆರಿಕದ ಉಪಗ್ರಹವು ಮೇಲಿನಿಂದ ಇಂತಹ ಉಂಗುರಗಳನ್ನು ಕಂಡಿದೆ. ಇದೇ ಕೆಲಸಕ್ಕೆಂದು 2023ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಒಂದು ಉಪಕರಣವನ್ನು ಕಳಿಸಲಾಯಿತು.

ಮಳೆಯ ನೆರಳಿನಲ್ಲಿರುವ ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರನ್ನು ದಾಟುವುದಿಲ್ಲ. ಒಕ್ಕಲಿಗನಿಗೆ ಇದು ಸಂಕಟ. ಆಕಾಶವನ್ನು ನೋಡುವವನಿಗೆ ಮಾತ್ರ, ಹೇಳಲು ಸಂಕೋಚವಾದರೂ, ಇದೊಂದು ಅನುಕೂಲ. ಸಹ್ಯಾದ್ರಿಗೆ ಅಂಟಿಕೊಂಡ ಪನ್ಹಾಳಕ್ಕಿಂತ ಇಲ್ಲಿ ತಿಳಿ ರಾತ್ರಿಗಳಿಗೆ ಹೆಚ್ಚು ಅವಕಾಶವಿದೆ. ಕೊರತೆಯಾಗುತ್ತಿರುವುದು ಕತ್ತಲೆ. ಹಳೆಯ ಸೋಡಿಯಂ ಬೀದಿದೀಪದ ಬೆಳಕು ಹಳದಿಯ ಭಾಗದಲ್ಲಿ ಕೂಡಿಕೊಂಡಿರುತ್ತಿದ್ದುದರಿಂದ ಹಸುರು ಫಿಲ್ಟರು ಅದನ್ನು ಬಹುಮಟ್ಟಿಗೆ ತಡೆಯುತ್ತಿತ್ತು. ಬಿಳಿಯ ಎಲ್.ಇ.ಡಿ. ದೀಪವಾದರೆ ಎಲ್ಲ ಬಣ್ಣಗಳಲ್ಲಿಯೂ ಹರಡಿ ಹಸುರು ಗೆರೆಯ ಜಾಗಕ್ಕೂ ನುಗ್ಗುತ್ತದೆ. ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಭಾಗಗಳು ಮುಳುಗಿ ನವನಗರ ಎದ್ದಮೇಲೆ ಅಲ್ಲಿನ ರಾತ್ರಿಯೂ ಬೇರೆಯಾಯಿತು. ಹುನಗುಂದ, ಬಾದಾಮಿಗಳ ಹಳ್ಳಿಗಳ ಹೊಲಗಳಲ್ಲಿ ಕತ್ತಲೆ ಇನ್ನೂ ಉಳಿದಿದೆ.

ಆ ಕತ್ತಲೆಯಲ್ಲಿ ದೊಡ್ಡ ಉಪಕರಣವಿಲ್ಲದೆಯೂ ಮಾಡಬಹುದಾದ ಕೆಲಸವುಂಟು. ಮುಕ್ಕಾಲಿಯ ಮೇಲಿಟ್ಟ ಒಂದು ಸಾಮಾನ್ಯ ಡಿಜಿಟಲ್ ಕ್ಯಾಮೆರಾ ಅರ್ಧ ನಿಮಿಷ ಕಣ್ಣು ತೆರೆದರೆ ಹಸುರು ದೀಪ್ತಿಯನ್ನು ಹಿಡಿಯಬಲ್ಲದು. ಅಲೆ ಪ್ರಬಲವಾಗಿದ್ದರೆ ಪಟ್ಟೆಗಳನ್ನೂ ಹಿಡಿಯಬಲ್ಲದು. ನೆತ್ತಿಗಿಂತ ದಿಗಂತದತ್ತ ದೀಪ್ತಿ ಹೆಚ್ಚು, ಏಕೆಂದರೆ ದೃಷ್ಟಿ ಪದರವನ್ನು ಓರೆಯಾಗಿ ಭೇದಿಸುವುದರಿಂದ ಹೆಚ್ಚು ಬೆಳಕು ದಾರಿಯಲ್ಲಿ ಸಿಗುತ್ತದೆ. ಚಿತ್ರದಲ್ಲಿ ಮೂಡಿದ್ದು ಅಲೆಯೋ, ತೆಳುಮೋಡವೋ ಎಂಬುದೇ ಮೊದಲ ಸಂದೇಹ. ಅದನ್ನು ಬಿಡಿಸಲು ಎರಡು ಊರುಗಳು ಬೇಕು. ಬಾದಾಮಿಯಿಂದ ಇಳಕಲ್ಲು ನೇರ ಪೂರ್ವಕ್ಕೆ ಸುಮಾರು 48 ಕಿಲೋಮೀಟರ್ ದೂರದಲ್ಲಿದೆ. ಎರಡೂ ಕಡೆ ವಿದ್ಯಾರ್ಥಿಗಳು ಗಡಿಯಾರ ಕೂಡಿಸಿಕೊಂಡು ಒಂದೇ ಕ್ಷಣದಲ್ಲಿ ಚಿತ್ರ ತೆಗೆಯಬೇಕು. ಬಾದಾಮಿಯ ನೆತ್ತಿಯಲ್ಲಿ ಕಂಡ ಪಟ್ಟೆಯು ಇಳಕಲ್ಲಿನವರಿಗೆ ನೆತ್ತಿಯಿಂದ ಪಶ್ಚಿಮಕ್ಕೆ 26 ಡಿಗ್ರಿ ಸರಿದು ಕಂಡರೆ ಅದು 97 ಕಿಲೋಮೀಟರ್ ಎತ್ತರದ ಹಸುರು ಪದರದ್ದು. 11 ಡಿಗ್ರಿಯಷ್ಟೇ ಸರಿದಿದ್ದರೆ 250 ಕಿಲೋಮೀಟರ್ ಎತ್ತರದ ಕೆಂಪು ಪದರದ್ದು. 78 ಡಿಗ್ರಿ ಸರಿದು ಪಶ್ಚಿಮ ದಿಗಂತದ ಬಳಿ ಇಳಿದಿದ್ದರೆ ಅದು ಬರಿಯ 10 ಕಿಲೋಮೀಟರ್ ಎತ್ತರದ ಮೋಡ.